ತಲೆಗೊಂದು ಮಂಕರಿ

ಲೆಕ್ಕದ ಮೇಷ್ಟ್ರಾದವನು ಇದನ್ನು ಹೇಳಬಾರದು, ಆದರೂ ಹೇಳಿಬಿಡುತ್ತೇನೆ. ನನಗೆ ಗುಣಾಕಾರ ಕಂಡರೆ ಭಯ. ಕೂಡುವ ಲೆಕ್ಕ ಸಾಧು. ಎರಡಕ್ಕೆ ಮೂರು ಸೇರಿದರೆ ಐದು, ಐದಕ್ಕೆ ಇನ್ನೆರಡು ಸೇರಿದರೆ ಏಳು. ಬಾಗಿಲಲ್ಲಿ ನಿಂತು ಕೆಮ್ಮಿ, ಕಾಲು ತೊಳೆದುಕೊಂಡು ಒಳಗೆ ಬರುವ ನೆಂಟರ ಹಾಗೆ ನಿಧಾನವಾಗಿ ಬೆಳೆಯುತ್ತದೆ. ಕಳೆಯುವ ಲೆಕ್ಕವನ್ನು ಸಂಬಳದಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭಾಗಾಕಾರವನ್ನು ಅಣ್ಣತಮ್ಮಂದಿರು ಪಂಚಾಯಿತಿ ಸೇರಿಸಿ ಕಲಿತುಕೊಳ್ಳುತ್ತಾರೆ. ಈ ಗುಣಾಕಾರದ ಜಾತಿಯೇ ಬೇರೆ. ಎರಡು, ಎರಡು, ಎರಡು, ಮೂರು ಎಂದು ನಾಲ್ಕು ಅಂಕಿಗಳನ್ನು ಹಲಗೆಯ ಮೇಲೆ ಬರೆದು ನೋಡಿ. ಎಷ್ಟು ಬಡಪಾಯಿಗಳು! ಕೂಡಿದರೆ ಒಂಬತ್ತು, ಅಲ್ಲಿಗೆ ತಣ್ಣಗೆ ಮಲಗುತ್ತವೆ. ಅವನ್ನೇ ಒಂದರಿಂದೊಂದು ಗುಣಿಸಿದರೆ ಇಪ್ಪತ್ತನಾಲ್ಕು. ಈ ಇಪ್ಪತ್ತನಾಲ್ಕು ಒಂದು ದಿನ ಎರಡು ಎತ್ತಿನ ಗಾಡಿ ಏರಿ ಸಾಲಿಗ್ರಾಮದ ನಮ್ಮ ಮನೆಯ ಮುಂದೆ ಬಂದು ನಿಂತುಬಿಟ್ಟಿತು. ಆವತ್ತು ಆದ ಗಾಬರಿ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಶಾಲೆಯಲ್ಲಿ ನಾನು ಬಹಳ ಧೈರ್ಯವಂತ. ಬೆಳಗ್ಗೆ ಹುಡುಗರನ್ನು ಸಾಲಾಗಿ ನಿಲ್ಲಿಸಿ ಮಗ್ಗಿ ಹೇಳಿಸುತ್ತಿದ್ದರೆ ಬೀದಿಯಲ್ಲಿ ಹೋಗುವವರೂ ತಾಳಕ್ಕೆ ತಲೆಯಾಡಿಸುತ್ತಿದ್ದರು. "ಹಲವು ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಗುಣಿಸಿದರೂ ಉತ್ತರ ಒಂದೇ" ಎಂದು ನಾನು ಬೆತ್ತ ಆಡಿಸುತ್ತಾ ಹೇಳುವುದನ್ನು ಹುಡುಗರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅದರ ಅರ್ಥ ಏನೆಂದು ಅವರಿಗೂ ತಿಳಿದಿರಲಿಲ್ಲ, ನಿಜ ಹೇಳಬೇಕೆಂದರೆ ನನಗೂ ತಿಳಿದಿರಲಿಲ್ಲ. ಬಾಳಿನಲ್ಲಿ ಗುಣಾಕಾರ ಎಲ್ಲೆಲ್ಲಿ ಅಡಗಿ ಕೂತಿರುತ್ತದೆ ಎನ್ನುವುದು ಪಠ್ಯಪುಸ್ತಕದವರಿಗೂ ಗೊತ್ತಿಲ್ಲ. ಅವರು ಒಂದು ಹಸು ನಾಲ್ಕು ಸೇರು ಹಾಲು ಕೊಟ್ಟರೆ ಐದು ಹಸು ಎಷ್ಟು ಕೊಟ್ಟಾವು ಎಂದು ಕೇಳಿ ಸುಮ್ಮನಾಗುತ್ತಾರೆ. ನಾಲ್ಕು ಸೇರು ಕೊಡುವ ಹಸುವನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ, ಅದು ಬೇರೆ ಮಾತು.

ಬಾಯಿಯಿಂದ ಬಾಯಿಗೆ ಹೋಗುವ ಸುದ್ದಿಯನ್ನೇ ನೋಡಿ. ಒಮ್ಮೆ ನನಗೆ ಮಳೆಯಲ್ಲಿ ನೆನೆದು ನೆಗಡಿ ಬಂತು. ನಮ್ಮವ್ವ ಪಕ್ಕದ ಮನೆಯಲ್ಲಿ ಜ್ವರ ಎಂದಳು. ಪಕ್ಕದ ಮನೆಯವರು ಸಂತೆಯಲ್ಲಿ ವಿಷಮಜ್ವರ ಎಂದರು. ಭೇರ್ಯದಲ್ಲಿರುವ ನಮ್ಮ ದೊಡ್ಡವ್ವನಿಗೆ ಆ ಸುದ್ದಿ ಮುಟ್ಟುವಷ್ಟರಲ್ಲಿ ನಾನು ಬಹುತೇಕ ಹೋಗಿಯೇಬಿಟ್ಟಿದ್ದೆ. ಅವಳು ವಿಭೂತಿ ಗಟ್ಟಿ ಸೆರಗಿಗೆ ಕಟ್ಟಿಕೊಂಡು, ದಾರಿಯುದ್ದಕ್ಕೂ ಅತ್ತುಕೊಂಡು ಗಾಡಿಯಲ್ಲಿ ಬಂದಿಳಿದಾಗ ನಾನು ಜಗುಲಿಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದೆ. ಅವಳಿಗೆ ಸಂತೋಷವಾಗಬೇಕೋ ಬೇಡವೋ? "ಅಯ್ಯೋ, ಇಷ್ಟ್ ದೂರದಿಂದ ಅಳ್ಕೊಂಡ್ ಬಂದಿವ್ನಿ, ಕಡ್ಲೇಕಾಯಿ ತಿಂತಾ ಕುಂತವ್ನಲ್ಲ!" ಎಂದು ನನ್ನನ್ನೇ ಬೈದಳು. ದೊಡ್ಡವ್ವನ ಪ್ರೀತಿ ಹಾಗೆ. ಅವಳ ಕೈಗೆ ಯಾವುದು ಹೋದರೂ ಮೂರರಷ್ಟಾಗಿ ಹೊರಗೆ ಬರುತ್ತದೆ.

ಇನ್ನು ನಮ್ಮ ಮನೆಯ ವಿಷಯ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವ್ವ, ನಾನು, ತಂಗಿ ಗೌರಿ. ಪಕ್ಕದ ಬೀದಿಯಲ್ಲಿ ಸೋದರಮಾವ ಮಾದಪ್ಪ. ಗೌರಿಯ ಮದುವೆಯಾಗದೆ ನನ್ನದಿಲ್ಲ ಎಂದು ಅವ್ವ ತೀರ್ಮಾನಿಸಿದ್ದಳು. ಅದಕ್ಕೆ ನನ್ನ ತಕರಾರಿರಲಿಲ್ಲ. ತಕರಾರಿದ್ದದ್ದು ಬರುವ ಗಂಡಿನ ಕಡೆಯವರಿಗೆ. ಹಿಂದಿನ ವರ್ಷ ಒಂದು ಕಡೆಯವರು ಬಂದು, ಹುಡುಗಿಯನ್ನು ನೋಡಿ, ನಗುನಗುತ್ತಾ ಊಟಕ್ಕೆ ಕೂತರು. ಮೂರನೆಯ ಸಲ ಸಾರು ಕೇಳಿದಾಗ ಒಳಗೆ ಅವ್ವನ ಸೌಟು ಪಾತ್ರೆಯ ತಳಕ್ಕೆ ತಾಗಿ ಕರ್ ಕರ್ ಎಂದಿತು. ಆ ಸದ್ದು ನಡುಮನೆಯಲ್ಲಿ ಕೂತಿದ್ದ ಅಷ್ಟೂ ಜನಕ್ಕೆ ಕೇಳಿಸಿತು. ಗಂಡಿನ ತಾಯಿ ಕೈ ಅಡ್ಡ ಹಿಡಿದು "ಸಾಕು ಬುಡಿ" ಎಂದಳು. ಸಂಬಂಧ ತಪ್ಪಿಹೋಯಿತು. ಅದು ತಪ್ಪಲು ಬೇರೆ ನೂರು ಕಾರಣಗಳಿದ್ದವೋ ಏನೋ, ನಮ್ಮ ಮನೆಯಲ್ಲಿ ಮಾತ್ರ ಸೌಟಿನ ಸದ್ದಿನಿಂದಲೇ ತಪ್ಪಿತು ಎಂದು ಎಲ್ಲರೂ ನಂಬಿದ್ದರು. ಗೌರಿ ಆವತ್ತು ಪಾತ್ರೆ ತೊಳೆಯುವಾಗ ಆ ಸಾರಿನ ಪಾತ್ರೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜುತ್ತಿದ್ದಳು.

ಈಗ ಬಂದದ್ದು ಬೆಟ್ಟದಪುರದ ಸಂಬಂಧ. ಹುಡುಗ ಮಲ್ಲೇಶ, ಹೊಗೆಸೊಪ್ಪು ಬೆಳೆಯುವ ಮನೆಯವನು. ಮೊದಲೊಮ್ಮೆ ತನ್ನ ಸೋದರತ್ತೆಯ ಜೊತೆ ಬಂದು ಹುಡುಗಿಯನ್ನು ನೋಡಿಹೋಗಿದ್ದ. ಅವರು ಹೋದ ಮೇಲೆ ಅವ್ವ "ಹೆಂಗವ್ವ?" ಎಂದು ಕೇಳಿದ್ದಕ್ಕೆ ಗೌರಿ ತಲೆ ತಗ್ಗಿಸದೆ "ಊಂ" ಎಂದಿದ್ದಳು. ನಮ್ಮ ಮನೆಯಲ್ಲಿ ಅಷ್ಟು ದೊಡ್ಡ "ಊಂ" ಅದುವರೆಗೆ ಯಾರೂ ಕೇಳಿರಲಿಲ್ಲ. ಇನ್ನು ಉಳಿದದ್ದು ಹುಡುಗನ ತಂದೆ ಬಸಪ್ಪನವರ ಒಪ್ಪಿಗೆ. ಅವರು ಬಹಳ ಬಿಗಿ ಕೈಯವರು ಎಂದು ಸುದ್ದಿ. ಒಂದು ಬೆಂಕಿಕಡ್ಡಿ ಗೀರಿದರೆ ಒಲೆ, ದೀಪ, ಬೀಡಿ ಮೂರೂ ಹೊತ್ತಿಕೊಳ್ಳಬೇಕಂತೆ. "ಹನ್ನೆರಡು ಜನ ಬರ್ತೀವಿ, ಊಟ ಅಲ್ಲೇ" ಎಂದು ಅವರಿಂದ ಹೇಳಿಕೆ ಬಂತು. ಅವ್ವ ಅದನ್ನು ಕೇಳಿದೊಡನೆ ಸೌಟನ್ನು ತೆಗೆದು ನೋಡಿದಳು.

ಆಗ ಅವರೆಕಾಯಿಯ ಕಾಲ. ಹೊಲದಿಂದ ಸೊಗಡು ಬೀದಿಗೆ ಬರುತ್ತಿತ್ತು. ಬೀಗರಾಗುವವರಿಗೆ ಹಿದುಕಿದ ಬೇಳೆ ಸಾರು, ಒತ್ತು ಶ್ಯಾವಿಗೆ ಎಂದು ತೀರ್ಮಾನವಾಯಿತು. ಹಿದುಕಿದ ಬೇಳೆ ಎಂದರೆ ತಿನ್ನುವವರಿಗೆ ಸ್ವರ್ಗ, ಮಾಡುವವರಿಗೆ ಜೀತ. ಕಾಯಿ ಬಿಡಿಸಬೇಕು, ಕಾಳು ನೆನೆಹಾಕಬೇಕು, ನೆನೆದ ಒಂದೊಂದು ಕಾಳನ್ನೂ ಎರಡು ಬೆರಳಿನಲ್ಲಿ ಹಿಡಿದು ಒತ್ತಬೇಕು. ಆಗ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಚಕ್ಕನೆ ಆಚೆ ಹಾರುತ್ತದೆ. ಪಾತ್ರೆಗೆ ಹಾರಿದರೆ ನಿಮ್ಮ ಅದೃಷ್ಟ. ಕಾಯಿ ತರಿಸಲು ತೊಂದರೆಯಿರಲಿಲ್ಲ, ದೊಡ್ಡವ್ವನ ಹೊಲದಲ್ಲಿ ಬೇಕಾದಷ್ಟಿತ್ತು. ಎಷ್ಟು ತರಿಸಬೇಕು ಎನ್ನುವುದೊಂದೇ ಪ್ರಶ್ನೆ. ಮನೆಯಲ್ಲಿ ಲೆಕ್ಕದ ಮೇಷ್ಟ್ರು ಇರುವಾಗ ಬೇರೆಯವರನ್ನು ಕೇಳುವುದುಂಟೆ?

ನಾನು ಹಲಗೆ ಬಳಪ ಹಿಡಿದು ಕೂತೆ. ಅವರ ಕಡೆ ಹನ್ನೆರಡು, ನಮ್ಮ ಕಡೆ ಹನ್ನೆರಡು, ಇಪ್ಪತ್ತನಾಲ್ಕು ತಲೆ. ನಾಚಿಕೆಯವರು ಎರಡು ಸೌಟಿಗೆ ಸಾಕು ಎನ್ನುತ್ತಾರೆ, ಮಾದಪ್ಪಮಾವ ನಾಲ್ಕಕ್ಕೂ ಎನ್ನುವುದಿಲ್ಲ. ಆದ್ದರಿಂದ ತಲೆಗೆ ಮೂರು ಸೌಟು. ಸೌಟಿಗೆ ಒಂದು ಹಿಡಿ ಕಾಳು. ಒಂದು ಹಿಡಿ ಕಾಳಿಗೆ ಮೂರು ಹಿಡಿ ಕಾಯಿ. ಇಪ್ಪತ್ತನಾಲ್ಕು ಮೂರಲ ಎಪ್ಪತ್ತೆರಡು, ಎಪ್ಪತ್ತೆರಡು ಒಂದಲ ಎಪ್ಪತ್ತೆರಡು, ಎಪ್ಪತ್ತೆರಡು ಮೂರಲ ಇನ್ನೂರ ಹದಿನಾರು ಹಿಡಿ. ಹಿತ್ತಿಲಲ್ಲಿದ್ದ ಬಿದಿರಿನ ದೊಡ್ಡ ಬುಟ್ಟಿಯನ್ನು, ಅದೇ ಮಂಕರಿಯನ್ನು, ತಂದು ಹೊಟ್ಟನ್ನು ಹಿಡಿ ಹಿಡಿಯಾಗಿ ತುಂಬಿ ಅಳೆದೆ. ಇನ್ನೂರ ಇಪ್ಪತ್ತಾಯಿತು. ಉಳಿದ ನಾಲ್ಕು ಹಿಡಿ ಹುಳುಕಿಗೆ. ಉತ್ತರ: ಒಂದು ಮಂಕರಿ. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಲೆಕ್ಕ ನಾನು ಮಾಡಿರಲಿಲ್ಲ.

"ಒಂದ್ ಮಂಕ್ರಿನಾ? ಯಾವ ಮೂಲೆಗ್ಲಾ ಸಾಕಾದದು?" ಎಂದಳು ಅವ್ವ.

ನಾನು ಹಲಗೆ ತೋರಿಸಿದೆ. ಹಿಡಿ, ಸೌಟು, ತಲೆ ಎಲ್ಲವನ್ನೂ ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿ, "ಆಯ್ತು ಬುಡಪ್ಪ, ನೀನು ಓದ್ದೋನು" ಎಂದಳು. ತಾಯಿ ಈ ಮಾತು ಹೇಳಿದಳೆಂದರೆ ತನಗೆ ತೋಚಿದ ಹಾಗೆ ಮಾಡುತ್ತಾಳೆ ಎಂದು ಅರ್ಥ. ಇಷ್ಟು ವರ್ಷ ಮಗನಾಗಿದ್ದೂ ನನಗೆ ಅದು ಹೊಳೆಯಲಿಲ್ಲ. ನಾನು ಹಲಗೆ ಒರಸಿ ಶಾಲೆಗೆ ಹೋದೆ.

ಬೀಗರು ಬರುವ ಹಿಂದಿನ ದಿನ ಮಧ್ಯಾಹ್ನ ಶಾಲೆಯಿಂದ ಬರುತ್ತೇನೆ, ಮನೆಯ ಮುಂದೆ ಎರಡು ಗಾಡಿ ನಿಂತಿವೆ. ಮೊದಲನೆಯ ಗಾಡಿಯ ಮೇಲೆ, ಹಸಿರು ಗುಡ್ಡೆಯೊಂದರ ತುದಿಯಲ್ಲಿ, ದೊಡ್ಡವ್ವ ಕೂತಿದ್ದಾಳೆ. ಯಾರದೋ ಮನೆಗೆ ಹುಲ್ಲು ಬಂದಿದೆ ಎಂದುಕೊಂಡೆ. ಹತ್ತಿರ ಬಂದರೆ ಸೊಗಡು ಮೂಗಿಗೆ ಹೊಡೆಯಿತು.

"ದೊಡ್ಡವ್ವ, ಇದೇನಿದು?"

"ಏನಿದು ಅಂದ್ರೆ? ಅವರೇಕಾಯಿ ಕಣಪ್ಪ. ಇಸ್ಕೂಲ್ ಮೇಷ್ಟ್ರಿಗೆ ಅವರೇಕಾಯಿನೂ ಗುರ್ತು ಸಿಕ್ಕಾಕಿಲ್ವಾ?"

ಮಂಕರಿಗಳನ್ನು ಇಳಿಸತೊಡಗಿದರು. ನಾನು ಎಣಿಸುತ್ತಾ ನಿಂತೆ. ಐದಕ್ಕೆ ಬಾಯಿ ಒಣಗಿತು. ಹತ್ತಕ್ಕೆ ಜಗುಲಿಯ ಕಂಬ ಹಿಡಿದುಕೊಂಡೆ. ಹದಿನೈದಾದ ಮೇಲೆ ಮಂಕರಿ ಸಾಲದೆ ಅದೇ ಅಳತೆಯ ಗೋಣಿಚೀಲಗಳು ಬಂದವು. ಒಟ್ಟು ಇಪ್ಪತ್ತನಾಲ್ಕು. ಶಿವಶಿವಾ, ಮುಗಿಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ದೊಡ್ಡವ್ವ ತಾನು ಕೂತಿದ್ದ ಮಂಕರಿಯಿಂದ ಎದ್ದಳು. "ಇದು ಕೊಸರು" ಎಂದಳು.

ಅಷ್ಟರಲ್ಲಿ ಮಾದಪ್ಪಮಾವ ಬಂದ. ಅವನ ಮುಖ ಅರಳಿತು. "ಇಪ್ಪತ್ನಾಕು ಜನ, ಇಪ್ಪತ್ನಾಕು ಮಂಕ್ರಿ. ತಲೆಗೊಂದು! ಲೆಕ್ಕ ಎಷ್ಟು ಚೆಂದಾಗಿ ಕುಂತದೆ ನೋಡ್ಲಾ. ನೀನೇ ಹಾಕಿದ್ದಲ್ವಾ?" ಎಂದು ನನ್ನ ಬೆನ್ನು ತಟ್ಟಿದ. ತಲೆಗೊಂದು ಮಂಕರಿ! ಮನುಷ್ಯನಿರಲಿ, ಎತ್ತು ತಿಂದೀತೆ?

"ವಾಪಸ್ ಕಳಿಸಾಣ" ಎಂದೆ. ದೊಡ್ಡವ್ವ ಕೆನ್ನೆಗೆ ಕೈಯಿಟ್ಟುಕೊಂಡಳು. "ಹೆಣ್ಣಿನ ಕೆಲ್ಸಕ್ಕೆ ಅಂತ ಹೊರಟಿದ್ದ ವಾಪಸ್ ಹೊಡೀತಾರೇನ್ಲಾ? ಬುಡ್ತು ಅನ್ನು." ನಾನು ಬಿಡ್ತು ಎಂದೆ. ಹೋಗಲಿ, ಒಂದು ಮಂಕರಿ ಬಿಡಿಸಿ ಉಳಿದದ್ದನ್ನು ಕೊಟ್ಟಿಗೆಗೆ ಹಾಕೋಣವೆಂದರೆ ಅದೂ ಕೈಮೀರಿತ್ತು. ನಮ್ಮ ಕಡೆ ಒಂದು ಪದ್ಧತಿಯಿದೆ. ಯಾರ ಜಗುಲಿಯ ಮೇಲೆ ಅವರೆಕಾಯಿ ಸುರಿದಿದ್ದರೂ ದಾರಿಯಲ್ಲಿ ಹೋಗುವ ಹೆಂಗಸರು ಸುಮ್ಮನೆ ಹೋಗುವುದಿಲ್ಲ. ಬಂದು ಕೂರುತ್ತಾರೆ, ಮಾತು ಶುರು ಮಾಡುತ್ತಾರೆ, ಮಾತಿನ ಜೊತೆ ಕೈ ಆಡುತ್ತಿರುತ್ತದೆ. ಒಬ್ಬರನ್ನು ಕಂಡು ಇಬ್ಬರು, ಇಬ್ಬರನ್ನು ಕಂಡು ನಾಲ್ವರು ಬಂದರು. ಸಂಜೆಯ ಹೊತ್ತಿಗೆ ಬೀದಿಗೆ ಬೀದಿಯೇ ನಮ್ಮ ಜಗುಲಿಯ ಮೇಲಿತ್ತು. ಗುಡ್ಡೆ ಕರಗಿತು, ಕಾಳಿನ ರಾಶಿ ಎದ್ದಿತು. ಬಿಡಿಸಿದ ಕಾಳು ಇಟ್ಟರೆ ಮುಗ್ಗಿಹೋಗುತ್ತದೆ ಎಂದು ಅವ್ವ ಅಷ್ಟನ್ನೂ ನೆನೆಹಾಕಿದಳು. ತಪ್ಪಲೆ ತುಂಬಿತು, ಕೊಪ್ಪರಿಗೆ ತುಂಬಿತು, ಸ್ನಾನದ ಹಂಡೆ ತುಂಬಿತು, ನೆರೆಮನೆಯವರ ಕೊಳಗ ಬಿಂದಿಗೆಗಳೂ ತುಂಬಿದವು. ನೆನೆದ ಕಾಳು ಊದಿಕೊಳ್ಳುತ್ತದೆ ಎಂಬುದನ್ನು ನಾನು ಮರೆತಿದ್ದೆ. ಬೆಳಗ್ಗೆ ಎದ್ದು ನೋಡುತ್ತೇನೆ, ಎಲ್ಲ ಪಾತ್ರೆಗಳಲ್ಲೂ ಕಾಳು ಅಂಚು ಮೀರಿ ಹೊರಗೆ ಇಣುಕುತ್ತಿದೆ. ನೀರೂ ತನ್ನ ಪಾಲಿನ ಗುಣಾಕಾರವನ್ನು ಮಾಡಿತ್ತು.

ಹಿದುಕುವ ಕೆಲಸ ನಡೆಯುತ್ತಿರುವಾಗ ನಾನು ವಿಚಾರಣೆ ಶುರು ಮಾಡಿದೆ. ನನ್ನ ಒಂದು ಮಂಕರಿ ಇಪ್ಪತ್ತನಾಲ್ಕು ಆದದ್ದು ಹೇಗೆ? ಮೊದಲು ದೊಡ್ಡವ್ವನನ್ನು ಕೇಳಿದೆ. "ಮಾದಪ್ಪ ಎಂಟು ಅಂತ ಹೇಳಿ ಕಳಿಸ್ದ. ಹೆಣ್ಣಿನ ಕೆಲ್ಸ, ಎಂಟು ಯಾವ ಲೆಕ್ಕ? ಮೂರರಷ್ಟಿರ್ಲಿ ಅಂದೆ" ಎಂದಳು. ಮಾವನನ್ನು ಹಿಡಿದೆ. "ನನ್ನ ಕಿವೀಗೆ ಬಿದ್ದದ್ದು ನಾಕು ಕಣ್ಲಾ. ಇರ್ಲಿ, ಒಂದಕ್ಕೆರಡು ಅಂತ ಎಂಟು ಅಂದೆ. ಅದ್ರಲ್ಲಿ ತಪ್ಪೇನು? ಹಾಳು ಮಾಡಿದ್ದೆಲ್ಲ ಕಡೇಲಿ ಮೂರರಷ್ಟು ಮಾಡ್ದೋಳು" ಎಂದ. ಇಲ್ಲಿ ನನಗೆ ಶಾಲೆಯಲ್ಲಿ ನಾನೇ ಹೇಳುತ್ತಿದ್ದ ಮಾತಿನ ಅರ್ಥ ಮೊದಲ ಬಾರಿಗೆ ಹೊಳೆಯಿತು. ಯಾವ ಕ್ರಮದಲ್ಲಿ ಗುಣಿಸಿದರೂ ಉತ್ತರ ಒಂದೇ. ಮೊದಲು ಗುಣಿಸಿದವನಿಗೂ ಕಡೆಗೆ ಗುಣಿಸಿದವಳಿಗೂ ತಪ್ಪಿನಲ್ಲಿ ಸಮಪಾಲು. ಅವರವರ ಮಟ್ಟಿಗೆ ಅವರೆಲ್ಲ ಒಂದಿಷ್ಟು ಕೂಡಿಸಿದ್ದೇವೆ ಎಂದೇ ತಿಳಿದಿದ್ದರು. ಪ್ರತಿಯೊಬ್ಬರೂ ಬಂದದ್ದನ್ನು ಬಂದ ಹಾಗೆ ತೆಗೆದುಕೊಂಡು ಗುಣಿಸಿದ್ದರು.

ಉಳಿದವಳು ಅವ್ವ. "ನಾನು ಎರಡು ಅಂದೆ ಕಣಪ್ಪ, ಶಿವನಾಣೆ. ಒಂದಕ್ಕೆರಡು. ನಾಕು ಅನ್ಲೇ ಇಲ್ಲ" ಎಂದಳು. ನಾನು ಮನಸ್ಸಿನಲ್ಲೇ ಹಿಂದಕ್ಕೆ ಲೆಕ್ಕ ಹಾಕಿದೆ. ಅವ್ವನದೊಂದು ಎರಡು, ಮಾವನದೊಂದು ಎರಡು, ದೊಡ್ಡವ್ವನ ಮೂರು. ಗುಣಿಸಿದರೆ ಹನ್ನೆರಡು. ಬಂದದ್ದು ಇಪ್ಪತ್ತನಾಲ್ಕು. ಅವ್ವನ ಬಾಯಿಂದ ಹೊರಟ ಎರಡು ಮಾವನ ಕಿವಿಗೆ ಬೀಳುವಷ್ಟರಲ್ಲಿ ನಾಲ್ಕಾಗಿದೆ. ಒಂದು ಎರಡು ಎಲ್ಲೋ ತಪ್ಪಿಸಿಕೊಂಡಿದೆ! "ಇನ್ನೊಂದು ಎರಡು ಯಾರದು?" ಎಂದು ಗುಂಪನ್ನೆಲ್ಲ ಕೇಳಿದೆ. ಯಾರೂ ಒಪ್ಪಲಿಲ್ಲ. ಅವ್ವನ ಪಕ್ಕದಲ್ಲಿ ತಲೆ ತಗ್ಗಿಸಿ ಹಿದುಕುತ್ತಿದ್ದ ಗೌರಿಯ ಬೆರಳಿನಿಂದ ಒಂದು ಬೇಳೆ ಹಾರಿ ನನ್ನ ಕನ್ನಡಕಕ್ಕೆ ಬಡಿಯಿತು. ಅದನ್ನು ಒರಸಿಕೊಳ್ಳುತ್ತಿರುವಾಗ ಬೀದಿಯಲ್ಲಿ ಯಾರೋ "ಬಂದ್ರು, ಬಂದ್ರು" ಎಂದರು.

ಬಂದದ್ದು ಹನ್ನೆರಡು ಜನವಲ್ಲ. ಮೂರೇ ಜನ! ಬಸಪ್ಪನವರು, ಮಲ್ಲೇಶ, ಅವನ ಸೋದರತ್ತೆ. ನಾನು ಬೀದಿಯ ತುದಿಯವರೆಗೂ ಹೋಗಿ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿ ನೋಡಿದೆ. ಒಂದು ನಾಯಿ ಬರುತ್ತಿತ್ತು, ಅದೂ ನಮ್ಮ ಬೀದಿಯದೇ. "ಮೇಷ್ಟ್ರ ಸಂಬಳದ ಮನೆ. ಹನ್ನೆರಡು ಜನ ಬಂದು ಯಾಕೆ ತೊಂದ್ರೆ ಕೊಡೋದು ಅಂತ ಮೂರೇ ಜನ ಬಂದೋ" ಎಂದರು ಬಸಪ್ಪನವರು. ಎಂಥ ಒಳ್ಳೆಯ ಮನುಷ್ಯ! ಆದರೆ ಅವರ ಆ ಒಳ್ಳೆಯತನಕ್ಕೆ ನನ್ನ ಕಣ್ಣು ಕತ್ತಲೆಗಟ್ಟಿತು. ಇಲ್ಲಿ ಇಪ್ಪತ್ತನಾಲ್ಕರಷ್ಟು ಗುಣಾಕಾರವಾಗಿದ್ದರೆ ಅಲ್ಲಿ ನಾಲ್ಕರಿಂದ ಭಾಗಾಕಾರವಾಗಿತ್ತು.

ಅವರು ಒಳಗೆ ಕಾಲಿಟ್ಟರು. ಜಗುಲಿ ತುಂಬ ಹೆಂಗಸರು. ನಡುಮನೆ ತುಂಬ ಪಾತ್ರೆ. ಅವರಿಗೆ ಕೂರಲು ಚಾಪೆ ಹಾಸಬೇಕಾದರೆ ಎರಡು ಕೊಪ್ಪರಿಗೆ ಆಚೆ ಸರಿಸಬೇಕಾಯಿತು. ಬಸಪ್ಪನವರು ಕೂತು, ಹಂಡೆಯನ್ನು ನೋಡಿ, ತಪ್ಪಲೆಯನ್ನು ನೋಡಿ, ಹಿತ್ತಿಲ ಬಾಗಿಲವರೆಗೆ ಸಾಲುಗಟ್ಟಿದ್ದ ಬಿಂದಿಗೆಗಳನ್ನು ನೋಡಿದರು. ಅವರ ಹುಬ್ಬು ಮೇಲೆ ಹೋದದ್ದು ಕೆಳಗಿಳಿಯಲಿಲ್ಲ. ಅದೇ ಸಮಯಕ್ಕೆ ಪಕ್ಕದಲ್ಲಿದ್ದ ಮುದುಕಿಯೊಬ್ಬಳ ಕೈಯಿಂದ ಬೇಳೆಯೊಂದು ಚಿಮ್ಮಿ ಅವರ ರುಮಾಲಿನ ಮಡಿಕೆಯಲ್ಲಿ ಕೂತಿತು. ಅವರು ಅದನ್ನು ತೆಗೆದು, ಪೋಲಾಗದ ಹಾಗೆ ಪಕ್ಕದ ತಪ್ಪಲೆಗೆ ಹಾಕಿದರು.

"ಏನ್ರೀ ಮೇಷ್ಟ್ರೆ, ಇವತ್ತೇ ಮದ್ವೆ ಇಟ್ಕೊಂಡಿದ್ದೀರಾ?"

"ಇಲ್ಲ, ಇಲ್ಲ... ಊಟಕ್ಕೆ..."

"ಮೂರು ಜನದ ಊಟಕ್ಕಾ?" ಅವರ ದನಿ ಗಟ್ಟಿಯಾಯಿತು. "ನೋಡಿ ಮೇಷ್ಟ್ರೆ, ನಾನು ಬಾಯಿ ಬಿಟ್ಟು ಮಾತಾಡೋನು. ನಮ್ದು ಬೇಸಾಯದ ಮನೆ. ಮಳೆ ಕೊಟ್ರೆ ಉಂಟು, ಇಲ್ದಿದ್ರೆ ಇಲ್ಲ. ನಾಳೆ ಒಲೆ, ಕಣಜ ಎಲ್ಲ ಬರೋ ಸೊಸೆ ಕೈಗೆ ಹೋಯ್ತದೆ. ಅಳತೆ ಗೊತ್ತಿಲ್ದ ಕೈಗೆ ಕೊಡಾಕೆ ನನಗೆ ಆಗಾಕಿಲ್ಲ. ಈ ಲೆಕ್ಕ ಹಾಕ್ದೋರು ಯಾರು? ಹುಡುಗೀನಾ?"

ಜಗುಲಿಯ ಮೇಲಿದ್ದ ಹೆಂಗಸರೆಲ್ಲ ಒಳಗೆ ಕತ್ತು ಚಾಚಿದರು. ಮಲ್ಲೇಶ ಚಾಪೆಯ ಅಂಚನ್ನು ನೋಡುತ್ತಿದ್ದ. ನಾನು "ಅಯ್ಯೋ, ಇವರೆಲ್ಲ ಸೇರಿ ಗುಣಿಸಿದರು" ಎಂದು ಮಾವ, ಅವ್ವ, ದೊಡ್ಡವ್ವ ಮೂವರನ್ನೂ ಸಾಲಾಗಿ ತೋರಿಸಲು ಕೈ ಎತ್ತಿದ್ದೆ. ನನ್ನ ಹಲಗೆಯ ಲೆಕ್ಕ ಸರಿಯಾಗಿತ್ತು. ಒಂದೇ ಒಂದು ಮಂಕರಿ! ಸಾಕ್ಷಿ ಸಮೇತ ಹೇಳಬಲ್ಲೆ. ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಗೌರಿಯ ಮುಖ ಕಂಡಿತು. ಬಿಳಿಚಿಕೊಂಡಿತ್ತು. ನೆನೆದು ಸುಕ್ಕುಗಟ್ಟಿದ ಬೆರಳುಗಳಲ್ಲಿ ಸೆರಗನ್ನು ಹಿಂಡುತ್ತಿದ್ದಳು. ಅವ್ವನ ಮಾತನ್ನು ಮಾವನ ಮನೆಗೆ ಮುಟ್ಟಿಸಲು ಹೋಗಿದ್ದವಳು ಅವಳೇ. ತಪ್ಪಿಸಿಕೊಂಡಿದ್ದ ಎರಡು ಎಲ್ಲಿದೆ ಎಂದು ನನಗೆ ಆಗ ಗೊತ್ತಾಯಿತು.

"ಲೆಕ್ಕ ನಂದೇ" ಎಂದೆ.

ಅವ್ವ "ಏ, ನೀನು ಒಂದು..." ಎಂದು ಬಾಯಿ ತೆರೆದಳು. "ನೀನು ಸುಮ್ನಿರವ್ವ. ನಾನೇ ಹಾಕಿದ್ದು. ಒಂದೊಂದೂ ನಾನೇ ಗುಣಿಸಿದ್ದು" ಎಂದೆ. ಹೇಳುವಾಗ ಸಂಕಟವಾಯಿತು. ಸುಳ್ಳು ಹೇಳಿದ್ದಕ್ಕಲ್ಲ, ತಪ್ಪು ಲೆಕ್ಕವನ್ನು ನನ್ನದು ಎಂದದ್ದಕ್ಕೆ.

ಬಸಪ್ಪನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮಕ್ಳಿಗೆ ಲೆಕ್ಕ ಹೇಳ್ಕೊಡೋದು ನೀವೇನಾ?"

"ಹೌದು."

"ಶಿವನೇ ಕಾಪಾಡ್ಬೇಕು" ಎಂದರು. ಜಗುಲಿಯ ಮೇಲಿದ್ದವರಲ್ಲಿ ಅರ್ಧ ಜನರ ಮಕ್ಕಳು ನನ್ನ ತರಗತಿಯಲ್ಲೇ ಇದ್ದರು. ಅವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಊಟಕ್ಕೆ ಎಲೆ ಹಾಕಿದರು. ಗೌರಿ ಬಡಿಸಿದಳು. ಶ್ಯಾವಿಗೆ ಎಷ್ಟು ಹಿಡಿಸುತ್ತದೋ ಅಷ್ಟೇ ಸಾರು, ಒಂದು ತೊಟ್ಟು ಎಲೆಯಿಂದ ಹೊರಗೆ ಹರಿಯಲಿಲ್ಲ. ಬಸಪ್ಪನವರು ಅವಳ ಕೈಯನ್ನೇ ನೋಡುತ್ತಿದ್ದರು. ಮಲ್ಲೇಶ ಮೂರನೆಯ ಸಲ ಸಾರು ಕೇಳಿದ, ನಾಲ್ಕನೆಯ ಸಲವೂ ಕೇಳಿದ. ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಆ ಪಾತ್ರೆಯ ತಳಕ್ಕೆ ಸೌಟು ಮುಟ್ಟಬೇಕಾದರೆ ಬೆಟ್ಟದಪುರದ ಊರಿಗೆ ಊರೇ ಬಂದು ಕೂರಬೇಕಿತ್ತು. ಕೈ ತೊಳೆದು ಬಂದ ಬಸಪ್ಪನವರು ಎಲೆ ಅಡಿಕೆ ಹಾಕಿಕೊಂಡು, "ಹುಡುಗಿ ಕೈ ಅಳತೆ ಚೆನ್ನಾಗೈತೆ. ನಮಗೆ ಒಪ್ಪಿಗೆ" ಎಂದರು. ಅವ್ವ ಅಳಲು ಶುರು ಮಾಡುವಷ್ಟರಲ್ಲಿ ಕೈ ಎತ್ತಿ, "ಒಂದೇ ಒಂದು ಮಾತು. ಮದ್ವೆ ಅಡಿಗೆ ಲೆಕ್ಕ ಮಾತ್ರ ಮೇಷ್ಟ್ರು ಹಾಕ್ಕೂಡ್ದು" ಎಂದು ಸೇರಿಸಿದರು. ಎಲ್ಲರಿಗಿಂತ ಮೊದಲು "ಕೂಡ್ದು, ಕೂಡ್ದು" ಎಂದದ್ದು ಮಾದಪ್ಪಮಾವ! ನಾನು ಅವನ ಮುಖವನ್ನೇ ನೋಡಿದೆ. ಅವನು ನಿಜವಾಗಿಯೂ ನನ್ನದೇ ತಪ್ಪು ಎಂದು ನಂಬಿಬಿಟ್ಟಿದ್ದ.

ಅವರು ಹೋದ ಮೇಲೆ ಗೌರಿ ಹಿತ್ತಿಲಿಗೆ ಬಂದಳು. "ಎಲ್ಲಿ ಸಾಲದೆ ಬತ್ತದೋ ಅಂತ ಎರಡ್ನ ನಾಕು ಅಂದೆ, ಅಷ್ಟೇ ಕಣಣ್ಣ. ಹೋದ್ ಸಲದ ಸೌಟಿನ ಸದ್ದು ಇನ್ನೂ ಕಿವೀಲೈತೆ" ಎಂದು ಅತ್ತಳು. ನನಗೂ ಅಳು ಬಂತು. ಆದರೆ ನಾನು ಮೇಷ್ಟ್ರು. "ಇನ್ನು ಮೇಲೆ ಕೂಡು, ಗುಣಿಸಬೇಡ" ಎಂದು ಬುದ್ಧಿ ಹೇಳಿದೆ. ಆವತ್ತು ಬೀದಿಯ ಎಲ್ಲ ಮನೆಗಳಲ್ಲೂ ನಮ್ಮದೇ ಸಾರು. ಮರುದಿನವೂ ಅದೇ ಸಾರು. ಶಾಲೆಗೆ ಹೋದರೆ ಹುಡುಗನೊಬ್ಬನ ತಂದೆ ಬಾಗಿಲಲ್ಲಿ ಕಾದು ನಿಂತು, "ಮೇಷ್ಟ್ರೆ, ನಮ್ಮೋನಿಗೂ ಅದೇ ಲೆಕ್ಕಾನಾ ನೀವು ಹೇಳ್ಕ್ವಡೋದು?" ಎಂದು ಬಹಳ ವಿನಯದಿಂದ ಕೇಳಿದ.

ಮದುವೆಯ ದಿನ ಬಂತು. ಅಡಿಗೆಮನೆಯ ಹತ್ತಿರ ನನ್ನನ್ನು ಸುಳಿಯಗೊಡಲಿಲ್ಲ. ಚಪ್ಪರದ ಬಾಗಿಲಲ್ಲಿ ನಿಂತು ಬಂದವರಿಗೆ ಪನ್ನೀರು ಎರಚುವ ಕೆಲಸ ಕೊಟ್ಟರು. ಅದರಲ್ಲಿ ಏನನ್ನೂ ಹಾಳು ಮಾಡಲಾರನೆಂದು ಅವರ ಧೈರ್ಯ. ನನಗೂ ಹಟ ಬಂತು. ಬರುವ ಜನ ಎಷ್ಟು, ತಲೆಗೆ ಒಂದು ಸಲ ಕೊಡವಿದರೆ ಪನ್ನೀರುದಾನಿಯಿಂದ ಎಷ್ಟು ಹನಿ, ಒಂದು ಶೀಸೆಗೆ ಎಷ್ಟು ದಾನಿ, ಎಲ್ಲವನ್ನೂ ಹಲಗೆಯ ಮೇಲೆ ಗುಣಿಸಿ ಭಾಗಿಸಿ, ಕೃಷ್ಣರಾಜನಗರದ ಅಂಗಡಿಯಿಂದ ಸರಿಯಾಗಿ ಅಷ್ಟೇ ಶೀಸೆ ತಂದೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಈ ಲೆಕ್ಕ ಯಾರ ಕಿವಿಗೂ ಬೀಳದ್ದರಿಂದ ಯಾರೂ ಇದಕ್ಕೆ ಕೈ ಹಾಕಲಿಲ್ಲ.

ಬೆಳಗ್ಗೆ ಊರಿನವರು ಬಂದರು. ಒಮ್ಮೆ ಎರಚಿಸಿಕೊಂಡ ಮಕ್ಕಳು ಹಿಂದಿನಿಂದ ಸುತ್ತಿ ಬಂದು ಮತ್ತೆ ತಲೆಯೊಡ್ಡಿದವು. ಮುದುಕಿಯರು ಸೆರಗಿನ ತುದಿಗೂ ಒಂದಿಷ್ಟು ಹಾಕಪ್ಪ ಎಂದರು. ದೊಡ್ಡವ್ವ ತನ್ನ ತಲೆಗೆ ಮೂರು ಸಲ ಹಾಕಿಸಿಕೊಂಡಳು. ಓಲಗದ ಸದ್ದು ಹತ್ತಿರವಾಯಿತು. ಗಂಡಿನ ಕಡೆಯವರು ದಿಬ್ಬಣದಲ್ಲಿ ಬಂದು ಚಪ್ಪರದ ಮುಂದೆ ನಿಂತರು, ಎಲ್ಲರಿಗೂ ಮುಂದೆ ಹೊಸ ರುಮಾಲಿನ ಬಸಪ್ಪನವರು. ಅವರು ಗೌರವದಿಂದ ತಲೆ ಬಾಗಿಸಿದರು. ನಾನು ಪನ್ನೀರುದಾನಿಯನ್ನು ಎತ್ತಿ ಕೊಡವಿದೆ. ಏನೂ ಬೀಳಲಿಲ್ಲ! ಇನ್ನೊಮ್ಮೆ ಕೊಡವಿದೆ. ಒಂದು ಹನಿಯಿಲ್ಲ! ಪಕ್ಕದಲ್ಲಿದ್ದ ಶೀಸೆಗಳನ್ನೆಲ್ಲ ಬಗ್ಗಿಸಿ ನೋಡಿದೆ. ಅವೂ ಒಣಗಿದ್ದವು.

ಬಸಪ್ಪನವರು ಬಾಗಿಸಿದ ತಲೆಯನ್ನು ನಿಧಾನವಾಗಿ ಎತ್ತಿದರು. ಖಾಲಿ ಶೀಸೆಗಳನ್ನು ನೋಡಿದರು, ನನ್ನನ್ನು ನೋಡಿದರು. ಅವರ ಕಣ್ಣು ದೊಡ್ಡದಾಯಿತು.

"ಇದರ ಲೆಕ್ಕ ಹಾಕಿದ್ದು?"

"ನಾನೇ. ಸರಿಯಾಗೇ ಹಾಕಿದ್ದೆ" ಎಂದೆ. ದನಿ ನನಗೇ ಕೇಳಿಸಲಿಲ್ಲ.

ಅವರು ನನ್ನ ಕಿವಿಯ ಹತ್ತಿರ ಬಂದರು. "ಹಂಗಾದ್ರೆ ಅವತ್ತು ಅಷ್ಟೊಂದು ಮಿಕ್ಕಿದ ಅವರೇಕಾಯಿ ಲೆಕ್ಕ ನಿಮ್ದಲ್ಲ" ಎಂದರು.

ಒಳಗೆ ಗೌರಿ ಹಸೆಮಣೆಯ ಹತ್ತಿರ ಕೂತಿದ್ದಳು. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ನಾನು ಖಾಲಿ ಶೀಸೆಯೊಂದನ್ನು ಮತ್ತೆ ಬಗ್ಗಿಸಿ ನೋಡಿದೆ. ಅವರು ಒಂದು ಗಳಿಗೆ ಒಳಗಡೆ ಇಣುಕಿ ನೋಡಿದರು. ಆಮೇಲೆ ಮತ್ತೆ ತಲೆ ಬಾಗಿಸಿ, ಹಿಂದಿದ್ದವರಿಗೆಲ್ಲ ಕೇಳುವ ಹಾಗೆ, "ಎರಚಿ ಮೇಷ್ಟ್ರೆ, ಎರಚಿ, ಹಿಂದೆ ಜನ ನಿಂತವ್ರೆ" ಎಂದರು.

ನಾನು ಖಾಲಿ ಪನ್ನೀರುದಾನಿಯನ್ನು ಅವರ ತಲೆಯ ಮೇಲೆ ಚೆನ್ನಾಗಿ ಕೊಡವಿದೆ. ಅವರು ರುಮಾಲು ಒರಸಿಕೊಳ್ಳುತ್ತಾ ಒಳಗೆ ಹೋದರು.